ಕೋಲಾರ ಸೀಮೆಯ ಗುಂಡುತೋಪುಗಳು

ಕೋಲಾರದ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ಹೊಳೆಯೊಂದೂ ಇಲ್ಲ. ಪಾಲಾರು, ದಕ್ಷಿಣ ಪಿನಾಕಿನಿಗಳು ಮಳೆ ಬಂದಾಗ ಮಾತ್ರ ಮೈದುಂಬುವುವು. ಆದುದರಿಂದ ಇಲ್ಲಿಯ ಪೂರ್ವಿಕರು ಕೆರೆಯನ್ನು ನೆಚ್ಚಿಯೇ ಊರನ್ನು ಕಟ್ಟಿದರು. ಕೆರೆಯ ಏರಿ, ಅದರ ಬಳಿಯ ಗುಂಡುತೋಪು, ಊರ ಮುಂದಣ ಅರಳೀಕಟ್ಟೆ, ಇವು ಬೇರೆ ಬೇರೆ ಅಲಂಕಾರಗಳಲ್ಲ. ಒಂದೇ ಯೋಜನೆಯ ಅಂಗಗಳು. ಕೋಲಾರದಲ್ಲಿ ಕೋಲಾರಮ್ಮನ ಕೆರೆಯನ್ನೂ ಅಂತರಗಂಗೆಯ ಬೆಟ್ಟವನ್ನೂ, ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬೃಂದಾವನವಿರುವ ನರಸಿಂಹತೀರ್ಥವನ್ನೂ ಕಂಡವರಿಗೆ ನೀರು, ನೆರಳು, ದೇವಸ್ಥಾನ ಮೂರೂ ಒಂದನ್ನೊಂದು ಹೇಗೆ ಆಶ್ರಯಿಸಿವೆಯೆಂಬುದು ತಾನಾಗಿಯೇ ತಿಳಿಯುವುದು.

ಗುಂಡುತೋಪಿಗೆ ಬೇಲಿಯಿರಲಿಲ್ಲ. ಅದು ಊರೊಟ್ಟಿನ ಭೂಮಿ. ಮಾವು, ಹುಣಸೆ, ನೇರಳೆ, ಹೊಂಗೆ, ಹಿಪ್ಪೆಗಳನ್ನು ಅಲ್ಲಿ ಬೆಳೆಸುತ್ತಿದ್ದರು. ಹೊಂಗೆಯ ಸೊಪ್ಪು ಗದ್ದೆಗೆ ಗೊಬ್ಬರವಾಯಿತು. ಹಿಪ್ಪೆಯ ಎಣ್ಣೆ ದೇವರ ದೀಪಕ್ಕಾಯಿತು. ಹುಣಸೆಯ ಫಸಲು ಹರಾಜಾಗಿ ಹಣ ತಂದಿತು. ಜಾತ್ರೆಗೆ ಬಂದ ಗಾಡಿಗಳು ಅಲ್ಲಿಯೇ ತಂಗುತ್ತಿದ್ದುವು. ಉಪಯೋಗದಿಂದಲೇ ಸೌಂದರ್ಯ ಹುಟ್ಟಿತೇ ಹೊರತು, ಸೌಂದರ್ಯಕ್ಕೆಂದು ಯಾರೂ ಸಸಿ ನೆಟ್ಟಂತೆ ತೋರದು. ಕಟ್ಟೆಯದೂ ಇದೇ ಬಗೆ. ಅರಳಿಗೆ ಬೇವನ್ನು ಮದುವೆಮಾಡಿ, ಬುಡದಲ್ಲಿ ನಾಗರಕಲ್ಲನ್ನು ನಿಲ್ಲಿಸಿ, ಆ ನೆರಳಿನಲ್ಲಿಯೇ ನ್ಯಾಯ ಪಂಚಾಯಿತಿಗಳನ್ನು ನಡಸಿದರು. ಪೂಜೆಗೊಂಡ ಮರಕ್ಕೆ ಕೊಡಲಿ ಹಾಕುವವರು ಯಾರು?

ಕೊಳವೆಬಾವಿಗಳು ಬಂದಮೇಲೆ ಕೆರೆಯ ಮೇಲಣ ಲಕ್ಷ್ಯ ತಪ್ಪಿತು. ಕಾಲುವೆಗಳು ಹೂಳಿನಿಂದ ಮುಚ್ಚಿದುವು. ಕೆರೆಯಂಗಳಗಳನ್ನು ಜಾಲಿ ಆವರಿಸಿತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿ ಬೇಗ ಬೆಳೆದು ನಿಂತಿತು. ಅದರಡಿ ದನವೂ ಮಲಗದು, ಪಂಚಾಯಿತಿಯೂ ಸೇರದು. 2017ರಲ್ಲಿ ಸರ್ಕಾರವೇ ಅದರ ಹೊಸ ನೆಡುವಿಕೆಯನ್ನು ನಿಷೇಧಿಸಿತು. ಅಷ್ಟರಲ್ಲಿ ಎಷ್ಟೋ ಗುಂಡುತೋಪುಗಳು ಕಟ್ಟಡಗಳಿಗೂ ನಿವೇಶನಗಳಿಗೂ ಬಲಿಯಾಗಿದ್ದುವು.

2018ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಕೋರಮಂಗಲ–ಚೆಲ್ಲಘಟ್ಟ ಕಣಿವೆಯ ತ್ಯಾಜ್ಯನೀರು ಎರಡು ಹಂತಗಳಲ್ಲಿ ಶುದ್ಧಿಯಾಗಿ, ಮೊಟ್ಟಮೊದಲು ಲಕ್ಷ್ಮೀಸಾಗರದ ಕೆರೆಗೆ ಬಂದಿಳಿಯಿತು. ಮೂರನೆಯ ಹಂತದ ಶುದ್ಧಿಯೂ ಆಗಬೇಕೆಂಬ ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಅದೇನೇ ಇರಲಿ, ಬಹುಕಾಲ ಬತ್ತಿದ್ದ ಅಂಗಳಗಳಲ್ಲಿ ನೀರು ನಿಂತಿತು. ಆದರೆ ನೀರು ಬಂದೊಡನೆ ಏರಿಯ ಬಳಿಯ ತೋಪು ಮರಳಲಿಲ್ಲ. ಪಟ್ಟಣಗಳಲ್ಲಿ ಈಗ ಉದ್ಯಾನವೆಂದರೆ ಕಬ್ಬಿಣದ ಬೇಲಿ, ಹುಲ್ಲುಹಾಸು, ಬೀಗ! ಮಲ್ಲಿಗೆಯಿಂದ ಹೆಸರು ಪಡೆದುದೆಂದು ಹೇಳುವ ಮಾಲೂರಿಗೂ ಇದು ಒಪ್ಪುವಂಥದಲ್ಲ. ಶ್ರೀನಿವಾಸಪುರದ ಸುತ್ತ ಕಣ್ಣು ಹಾಯುವವರೆಗೆ ಮಾವಿನ ಮರಗಳಿವೆ. ಆದರೆ ಅವು ತೋಟದವರ ಮರಗಳು. ಅವುಗಳಡಿಯಲ್ಲಿ ದಾರಿಹೋಕನು ಬುತ್ತಿ ಬಿಚ್ಚಲಾರನು.