ಪೋಲಿಯೋ: ಉಳಿದಿರುವುದು ಎರಡೇ ದೇಶ, ಮುಗಿಯದ ಹೋರಾಟ

ಭಾರತದಲ್ಲಿ ವೈಲ್ಡ್ ಪೋಲಿಯೋ ವೈರಸ್‌ಗೆ, ಅಂದರೆ ನಿಸರ್ಗದಲ್ಲಿರುವ ಮೂಲ ರೋಗಾಣುವಿಗೆ, ಮಗುವೊಂದು ತುತ್ತಾದ ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ಭಾರತವೂ ಸೇರಿದಂತೆ ಆಗ್ನೇಯ ಏಷ್ಯಾ ವಲಯದ 11 ದೇಶಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಪೋಲಿಯೋ ಮುಕ್ತವೆಂದು ಘೋಷಿಸಿತು. ಆದರೂ ಮಕ್ಕಳಿಗೆ ಹನಿ ಹಾಕುವುದು ನಿಂತಿಲ್ಲ. ರೋಗವೇ ಇಲ್ಲದ ಊರಿನಲ್ಲಿ ಲಸಿಕೆ ಏಕೆ ಎಂದು ಪೋಷಕರು ಕೇಳುವುದು ಸಹಜ. ಅದಕ್ಕೆ ಉತ್ತರ ಈ ವೈರಸ್‌ನ ಸ್ವಭಾವದಲ್ಲಿಯೂ, 1988ರಿಂದ ನಡೆದಿರುವ ಜಾಗತಿಕ ನಿರ್ಮೂಲನಾ ಕಾರ್ಯದ ಅನುಭವದಲ್ಲಿಯೂ ಇದೆ.

ಕಣ್ಣಿಗೆ ಬೀಳದ ಸೋಂಕು

ಪೋಲಿಯೋ ಮುಖ್ಯವಾಗಿ ಐದು ವರ್ಷದೊಳಗಿನ ಮಕ್ಕಳನ್ನು ಕಾಡುವ ರೋಗ. ಸೋಂಕಿತರ ಮಲದಿಂದ ಕಲುಷಿತಗೊಂಡ ನೀರು, ಆಹಾರ ಹಾಗೂ ಕೈಗಳ ಮೂಲಕ ವೈರಸ್ ಬಾಯಿ ಸೇರಿ, ಕರುಳಿನಲ್ಲಿ ವೃದ್ಧಿಯಾಗುತ್ತದೆ. ಬಹುಪಾಲು ಮಕ್ಕಳಲ್ಲಿ ಯಾವ ಲಕ್ಷಣವೂ ಕಾಣಿಸುವುದಿಲ್ಲ. ಕೆಲವರಿಗೆ ಜ್ವರ, ತಲೆನೋವು, ವಾಂತಿ ಬಂದು ಹೋಗುತ್ತದೆ. ಸುಮಾರು 200 ಸೋಂಕಿತರಲ್ಲಿ ಒಬ್ಬರಿಗೆ ಮಾತ್ರ ವೈರಸ್ ನರಮಂಡಲವನ್ನು ಹೊಕ್ಕು, ಸಾಮಾನ್ಯವಾಗಿ ಕಾಲುಗಳ ಶಕ್ತಿಯನ್ನು ಶಾಶ್ವತವಾಗಿ ಕಸಿದುಕೊಳ್ಳುತ್ತದೆ. ಹೀಗೆ ಶಕ್ತಿ ಕಳೆದುಕೊಂಡವರ ಪೈಕಿ ಶೇಕಡಾ 5ರಿಂದ 10ರಷ್ಟು ಮಂದಿ ಉಸಿರಾಟದ ಸ್ನಾಯುಗಳು ನಿಶ್ಚಲವಾಗಿ ಸಾವನ್ನಪ್ಪುತ್ತಾರೆ. ರೋಗ ಬಂದ ಮೇಲೆ ಗುಣಪಡಿಸುವ ಔಷಧ ಇಲ್ಲ. ಲಸಿಕೆಯೊಂದೇ ರಕ್ಷಣೆ.

ಸಿಡುಬು ಬಂದವರ ಮೈಮೇಲಿನ ಗುಳ್ಳೆಗಳಿಂದಲೇ ರೋಗವನ್ನು ಗುರುತಿಸಬಹುದಿತ್ತು. ಪೋಲಿಯೋ ಹಾಗಲ್ಲ. ಒಂದು ಮಗುವಿನ ಕಾಲು ಸೋತದ್ದು ಗೊತ್ತಾಗುವ ಹೊತ್ತಿಗೆ ಸುತ್ತಮುತ್ತ ನೂರಾರು ಮಕ್ಕಳು ವೈರಸ್ ಹೊತ್ತು ತಿರುಗಿರುತ್ತಾರೆ. ಒಂದೇ ಒಂದು ಪ್ರಕರಣ ಪತ್ತೆಯಾದರೂ ಇಡೀ ಪ್ರದೇಶದ ಮಕ್ಕಳಿಗೆ ಲಸಿಕೆ ಹಾಕುವುದು ಈ ಕಾರಣಕ್ಕಾಗಿಯೇ.

ಎರಡು ಲಸಿಕೆ, ಎರಡು ಗುಣ

ಅಮೆರಿಕದ ವಿಜ್ಞಾನಿ ಜೋನಾಸ್ ಸಾಕ್ ರೂಪಿಸಿದ ಚುಚ್ಚುಮದ್ದು ಸುರಕ್ಷಿತ ಹಾಗೂ ಪರಿಣಾಮಕಾರಿ ಎಂದು 1955ರ ಏಪ್ರಿಲ್ 12ರಂದು ಪ್ರಕಟವಾಯಿತು. ಇದರಲ್ಲಿ ಇರುವುದು ನಿಷ್ಕ್ರಿಯಗೊಳಿಸಿದ ವೈರಸ್. ಆಲ್ಬರ್ಟ್ ಸೇಬಿನ್ ರೂಪಿಸಿದ ಬಾಯಿಹನಿಯಲ್ಲಿ ಇರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಶೀತಲ ಸಮರದ ನಡುವೆಯೂ ಸೇಬಿನ್ ಲಸಿಕೆಯ ಬೃಹತ್ ಪ್ರಯೋಗ 1959ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ನಡೆದದ್ದು ವೈದ್ಯಕೀಯ ಇತಿಹಾಸದ ಗಮನಾರ್ಹ ಘಟನೆ.

ಚುಚ್ಚುಮದ್ದು ಮಗುವನ್ನು ಅಂಗವೈಕಲ್ಯದಿಂದ ಕಾಪಾಡುತ್ತದೆ, ಅದರಿಂದ ಪೋಲಿಯೋ ಬರುವ ಸಂಭವವೇ ಇಲ್ಲ. ಆದರೆ ಕರುಳಿನಲ್ಲಿ ಅದು ನೀಡುವ ರಕ್ಷಣೆ ಕಡಿಮೆ. ಬಾಯಿಹನಿ ಅಗ್ಗ, ಸೂಜಿ ಬೇಕಿಲ್ಲ, ಅಲ್ಪ ತರಬೇತಿ ಪಡೆದ ಸ್ವಯಂಸೇವಕರೂ ಹಾಕಬಹುದು. ಕರುಳಿನಲ್ಲಿಯೇ ರೋಗನಿರೋಧಕ ಶಕ್ತಿ ಬೆಳೆಸುವುದರಿಂದ ವೈರಸ್ ಒಬ್ಬರಿಂದ ಒಬ್ಬರಿಗೆ ಹರಡುವ ಸರಪಳಿಯನ್ನು ಅದು ತುಂಡರಿಸುತ್ತದೆ. ಇಸ್ರೇಲ್‌ನಲ್ಲಿ 2013ರಲ್ಲಿ ಈ ವ್ಯತ್ಯಾಸ ಸ್ಪಷ್ಟವಾಯಿತು. ಚುಚ್ಚುಮದ್ದು ಪಡೆದ ಮಕ್ಕಳಲ್ಲಿ ಯಾರೂ ಅಂಗವಿಕಲರಾಗಲಿಲ್ಲ, ಆದರೆ ಚರಂಡಿ ನೀರಿನ ಪರೀಕ್ಷೆಯಲ್ಲಿ ವೈಲ್ಡ್ ವೈರಸ್ ಪತ್ತೆಯಾಯಿತು. ಅದನ್ನು ತಡೆಯಲು ಅಲ್ಲಿನ ಸರಕಾರ ಮತ್ತೆ ಬಾಯಿಹನಿಯ ಮೊರೆ ಹೋಗಬೇಕಾಯಿತು.

ಮೂರೂವರೆ ಲಕ್ಷದಿಂದ ಬೆರಳೆಣಿಕೆಗೆ

1988ರಲ್ಲಿ ವಿಶ್ವ ಆರೋಗ್ಯ ಸಭೆ ಪೋಲಿಯೋ ನಿರ್ಮೂಲನೆಯ ನಿರ್ಣಯ ಅಂಗೀಕರಿಸಿದಾಗ 125ಕ್ಕೂ ಹೆಚ್ಚು ದೇಶಗಳಲ್ಲಿ ರೋಗ ಬೇರೂರಿತ್ತು. ವರ್ಷಕ್ಕೆ ಅಂದಾಜು 3.5 ಲಕ್ಷ ಮಕ್ಕಳು ಅಂಗವಿಕಲರಾಗುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ, ರೋಟರಿ ಇಂಟರ್‌ನ್ಯಾಷನಲ್, ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹಾಗೂ ಯುನಿಸೆಫ್ ಜಂಟಿಯಾಗಿ ಕಾರ್ಯಕ್ರಮ ಆರಂಭಿಸಿದವು. ಗೇಟ್ಸ್ ಪ್ರತಿಷ್ಠಾನ ಮುಂತಾದ ಸಂಸ್ಥೆಗಳು ಬಳಿಕ ಸೇರಿಕೊಂಡವು.

ಅಮೆರಿಕ ಖಂಡಗಳು 1994ರಲ್ಲಿ, ಪಶ್ಚಿಮ ಪೆಸಿಫಿಕ್ ವಲಯ 2000ದಲ್ಲಿ, ಯೂರೋಪ್ 2002ರಲ್ಲಿ, ಆಫ್ರಿಕಾ ವಲಯ 2020ರ ಆಗಸ್ಟ್‌ನಲ್ಲಿ ವೈಲ್ಡ್ ಪೋಲಿಯೋ ಮುಕ್ತವೆಂಬ ಪ್ರಮಾಣಪತ್ರ ಪಡೆದವು. ಮೂರು ಬಗೆಯ ವೈಲ್ಡ್ ವೈರಸ್‌ಗಳ ಪೈಕಿ ಎರಡನೆಯದು 2015ರಲ್ಲಿಯೂ ಮೂರನೆಯದು 2019ರಲ್ಲಿಯೂ ನಿರ್ಮೂಲವಾದವೆಂದು ಘೋಷಿಸಲಾಯಿತು. ಎರಡನೆಯ ಬಗೆಯ ವೈರಸ್ ಜಗತ್ತಿನಲ್ಲಿ ಕೊನೆಯದಾಗಿ ಕಂಡದ್ದು 1999ರಲ್ಲಿ, ನಮ್ಮದೇ ಉತ್ತರ ಪ್ರದೇಶದ ಅಲಿಗಢದಲ್ಲಿ. ಈಗ ಉಳಿದಿರುವುದು ಮೊದಲನೆಯ ಬಗೆ ಮಾತ್ರ.

ಭಾರತದ ಪಾಠ

ದೇಶಾದ್ಯಂತ ಪಲ್ಸ್ ಪೋಲಿಯೋ ಆರಂಭವಾದದ್ದು 1995ರ ಡಿಸೆಂಬರ್‌ನಲ್ಲಿ. ಪ್ರತಿ ರಾಷ್ಟ್ರೀಯ ಸುತ್ತಿನಲ್ಲಿ ಸುಮಾರು 17 ಕೋಟಿ ಮಕ್ಕಳಿಗೆ ಹನಿ ಹಾಕಲು 20 ಲಕ್ಷಕ್ಕೂ ಹೆಚ್ಚು ಕಾರ್ಯಕರ್ತರು ದುಡಿದರು. ಹನಿ ಹಾಕಿದ ಮಗುವಿನ ಕಿರುಬೆರಳಿಗೆ ಶಾಯಿ ಗುರುತು, ಭೇಟಿ ಮುಗಿದ ಮನೆಯ ಗೋಡೆಗೆ ಸೀಮೆಸುಣ್ಣದ ಗುರುತು. ಬಸ್ ನಿಲ್ದಾಣ, ರೈಲು, ಇಟ್ಟಿಗೆ ಗೂಡು, ಕಟ್ಟಡ ಕಾರ್ಮಿಕರ ಶೆಡ್ಡುಗಳನ್ನೂ ಬಿಡಲಿಲ್ಲ.

ಆದರೂ 2009ರಲ್ಲಿ ದೇಶದಲ್ಲಿ 741 ಪ್ರಕರಣಗಳು ವರದಿಯಾದವು; ಅದು ಜಗತ್ತಿನ ಒಟ್ಟು ಪ್ರಕರಣಗಳ ಅರ್ಧದಷ್ಟು. ಉತ್ತರ ಪ್ರದೇಶ ಹಾಗೂ ಬಿಹಾರದ ಜನದಟ್ಟಣೆ, ನೈರ್ಮಲ್ಯದ ಕೊರತೆ ಮತ್ತು ಮಕ್ಕಳ ಅತಿಸಾರದಿಂದಾಗಿ ಅಲ್ಲಿ ಪ್ರತಿ ಡೋಸಿನ ಪರಿಣಾಮ ಕುಗ್ಗಿತ್ತು. ಹಲವು ಬಾರಿ ಹನಿ ಪಡೆದ ಮಕ್ಕಳೂ ರೋಗಕ್ಕೆ ತುತ್ತಾದರು. 2010ರ ಜನವರಿಯಲ್ಲಿ ಒಂದು ಮತ್ತು ಮೂರನೆಯ ಬಗೆಗಳೆರಡನ್ನೂ ಎದುರಿಸುವ ಹೊಸ ಹನಿ ಬಳಕೆಗೆ ಬಂತು. ಅಪಾಯ ಹೆಚ್ಚಿದ್ದ ಬ್ಲಾಕ್‌ಗಳಲ್ಲಿ ಲಸಿಕೆಯ ಜತೆಗೆ ಶೌಚ, ಶುದ್ಧ ನೀರು, ಅತಿಸಾರ ಚಿಕಿತ್ಸೆಗೂ ಒತ್ತು ನೀಡಲಾಯಿತು. ಪ್ರಕರಣಗಳ ಸಂಖ್ಯೆ 2010ರಲ್ಲಿ 42ಕ್ಕೆ, 2011ರಲ್ಲಿ ಒಂದಕ್ಕೆ ಇಳಿಯಿತು.

ಉತ್ತರದ ರಾಜ್ಯಗಳ ವೈರಸ್ ದಕ್ಷಿಣಕ್ಕೆ ತಲುಪಲು ತಡವೇನೂ ಆಗದು ಎಂಬುದಕ್ಕೆ ಕರ್ನಾಟಕವೇ ಸಾಕ್ಷಿ. 2003ರಲ್ಲಿ ರಾಜ್ಯದಲ್ಲಿ 30ಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದವು.

ವಿಶ್ವಾಸ ಮುರಿದರೆ

ನೈಜೀರಿಯಾದ ಕಾನೊ ರಾಜ್ಯದಲ್ಲಿ 2003ರಲ್ಲಿ, ಲಸಿಕೆಯಿಂದ ಬಂಜೆತನ ಬರುತ್ತದೆ ಎಂಬ ವದಂತಿಯ ನಡುವೆ ಹನಿ ಹಾಕುವುದನ್ನು ನಿಲ್ಲಿಸಲಾಯಿತು. 2004ರಲ್ಲಿ ಅದು ಪುನರಾರಂಭಗೊಳ್ಳುವ ಹೊತ್ತಿಗೆ ವೈರಸ್ ಗಡಿ ದಾಟಿಯಾಗಿತ್ತು. ಅಲ್ಲಿಂದ ಹೊರಟ ವೈರಸ್ 2005ರಲ್ಲಿ ಇಂಡೋನೇಷ್ಯಾದವರೆಗೂ ತಲುಪಿತು. ಪಾಕಿಸ್ತಾನದಲ್ಲಿ ಒಸಾಮಾ ಬಿನ್ ಲಾಡೆನ್‌ನ ಪತ್ತೆಗಾಗಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಹೆಪಟೈಟಿಸ್ ಲಸಿಕೆ ಹಾಕುವ ಸೋಗು ಹೂಡಿದ್ದುದು 2011ರಲ್ಲಿ ಬಯಲಾಯಿತು. ಲಸಿಕೆಯ ಬಗ್ಗೆ ಮೊದಲೇ ಇದ್ದ ಸಂಶಯ ಇದರಿಂದ ಇನ್ನಷ್ಟು ಬಲಿಯಿತು. 2012ರಿಂದೀಚೆಗೆ ಅಲ್ಲಿ ಹನಿ ಹಾಕುವ ಕಾರ್ಯಕರ್ತೆಯರು ಹಾಗೂ ಅವರ ಕಾವಲಿಗಿದ್ದ ಪೊಲೀಸರು ಗುಂಡಿಗೆ ಬಲಿಯಾದ ಘಟನೆಗಳು ಮರುಕಳಿಸಿವೆ.

ವೈಲ್ಡ್ ವೈರಸ್ ಇಂದಿಗೂ ಬೇರೂರಿರುವುದು ಪಾಕಿಸ್ತಾನ ಮತ್ತು ಆಫ್ಘಾನಿಸ್ತಾನಗಳಲ್ಲಿ ಮಾತ್ರ. 2023ರಲ್ಲಿ ಎರಡೂ ದೇಶಗಳಿಂದ ಒಟ್ಟು 12 ಪ್ರಕರಣ ವರದಿಯಾಗಿದ್ದವು. 2024ರಲ್ಲಿ ಪಾಕಿಸ್ತಾನದಲ್ಲಿ 74, ಆಫ್ಘಾನಿಸ್ತಾನದಲ್ಲಿ 25 ಪ್ರಕರಣಗಳು ಕಂಡುಬಂದವು. ಗುರಿಗೆ ಹತ್ತಿರವಾದಾಗಲೇ ರೋಗ ಮತ್ತೆ ತಲೆಯೆತ್ತಿತು.

ಲಸಿಕೆಯಿಂದಲೇ ಹುಟ್ಟುವ ವೈರಸ್

ಬಾಯಿಹನಿಗೆ ಒಂದು ಮಿತಿಯೂ ಇದೆ. ಲಸಿಕೆ ಪಡೆದ ಪ್ರಮಾಣ ಕಡಿಮೆಯಿರುವ ಕಡೆ ಅದರಲ್ಲಿನ ದುರ್ಬಲ ವೈರಸ್ ಮಗುವಿನಿಂದ ಮಗುವಿಗೆ ತಿಂಗಳುಗಟ್ಟಲೆ ಹರಡುತ್ತ, ರೂಪಾಂತರಗೊಂಡು, ಮರಳಿ ರೋಗ ತರುವ ಶಕ್ತಿ ಪಡೆಯಬಲ್ಲದು. 2022ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಲಸಿಕೆ ಪಡೆಯದ ಯುವಕನೊಬ್ಬ ಹಾಗೂ 2024ರ ಆಗಸ್ಟ್‌ನಲ್ಲಿ ಯುದ್ಧಪೀಡಿತ ಗಾಜಾದಲ್ಲಿ ಹತ್ತು ತಿಂಗಳ ಮಗು ಇಂಥ ವೈರಸ್‌ಗೆ ತುತ್ತಾದರು. ಅದೇ ತಿಂಗಳು ಮೇಘಾಲಯದ ಪಶ್ಚಿಮ ಗಾರೋ ಹಿಲ್ಸ್ ಜಿಲ್ಲೆಯಲ್ಲಿಯೂ ಮಗುವೊಂದರಲ್ಲಿ ಲಸಿಕೆಜನ್ಯ ವೈರಸ್ ಪತ್ತೆಯಾಯಿತು. ಅದು ವೈಲ್ಡ್ ವೈರಸ್ ಅಲ್ಲವಾದ್ದರಿಂದ ಭಾರತದ ಪೋಲಿಯೋ ಮುಕ್ತ ಸ್ಥಾನಕ್ಕೆ ಧಕ್ಕೆ ಬಂದಿಲ್ಲ.

ಲಸಿಕೆ ಕೈಬಿಡುವುದು ಇದಕ್ಕೆ ಪರಿಹಾರವಲ್ಲ. ಎಲ್ಲ ಮಕ್ಕಳಿಗೂ ಲಸಿಕೆ ತಲುಪಿದ ಊರಿನಲ್ಲಿ ರೂಪಾಂತರಕ್ಕೆ ಅವಕಾಶವೇ ಸಿಗುವುದಿಲ್ಲ. ಇಂಥ ಪ್ರಕರಣಗಳಲ್ಲಿ ಹೆಚ್ಚಿನವಕ್ಕೆ ಕಾರಣವಾಗಿದ್ದ ಎರಡನೆಯ ಬಗೆಯನ್ನು 2016ರ ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತ ನಿತ್ಯದ ಹನಿಯಿಂದ ಕೈಬಿಡಲಾಯಿತು. ಆದರೆ ಆ ಬಗೆಯ ಲಸಿಕೆಜನ್ಯ ವೈರಸ್ ಅದರ ನಂತರವೂ ಹಲವು ದೇಶಗಳಲ್ಲಿ ಹರಡಿದ್ದರಿಂದ, ಸುಲಭವಾಗಿ ರೂಪಾಂತರಗೊಳ್ಳದ ಹೊಸ ಹನಿಯನ್ನು 2021ರಿಂದ ಬಳಸಲಾಗುತ್ತಿದೆ.

ಪೋಷಕರು ಗಮನಿಸಬೇಕಾದುದು

ರಾಷ್ಟ್ರೀಯ ಲಸಿಕಾ ಪಟ್ಟಿಯಂತೆ ಬಾಯಿಹನಿಯನ್ನು ಹುಟ್ಟಿದಾಗ, 6, 10 ಹಾಗೂ 14 ವಾರಗಳಲ್ಲಿ ಮತ್ತು 16ರಿಂದ 24 ತಿಂಗಳೊಳಗೆ ನೀಡಲಾಗುತ್ತದೆ. ಚುಚ್ಚುಮದ್ದನ್ನು 6 ಮತ್ತು 14 ವಾರಗಳಲ್ಲಿ ಹಾಗೂ 9 ತಿಂಗಳಲ್ಲಿ ನೀಡಲಾಗುತ್ತದೆ. ಮೂರನೆಯದು ಸೇರ್ಪಡೆಯಾದದ್ದು 2023ರ ಜನವರಿಯಿಂದ. ಸರಕಾರಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇವು ಉಚಿತ. ಪಲ್ಸ್ ಪೋಲಿಯೋ ದಿನದ ಹನಿ ಈ ಪಟ್ಟಿಗೆ ಹೆಚ್ಚುವರಿಯೇ ಹೊರತು ಬದಲಿಯಲ್ಲ. 15 ವರ್ಷದೊಳಗಿನ ಮಗುವಿನ ಕೈಕಾಲು ಹಠಾತ್ತನೆ ಬಲಹೀನವಾದರೆ ತಕ್ಷಣ ವೈದ್ಯರಿಗೆ ತೋರಿಸಬೇಕು. ಕಾರಣ ಪೋಲಿಯೋ ಅಲ್ಲವೆಂದು ಖಚಿತಪಡಿಸಿಕೊಳ್ಳಲು ಮಗುವಿನ ಮಲದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತದೆ.

2000ನೇ ಇಸವಿಯೊಳಗೆ ಪೋಲಿಯೋವನ್ನು ಅಳಿಸಬೇಕೆಂಬುದು ಜಗತ್ತಿನ ಮೊದಲ ಗುರಿಯಾಗಿತ್ತು. ಹಲವು ಬಾರಿ ಮುಂದಕ್ಕೆ ಹೋಗಿರುವ ಆ ಗಡುವು ಈಗ ವೈಲ್ಡ್ ವೈರಸ್‌ಗೆ 2027, ಲಸಿಕೆಜನ್ಯ ಎರಡನೆಯ ಬಗೆಗೆ 2029 ಎಂದು ನಿಗದಿಯಾಗಿದೆ. ಅಲ್ಲಿಯವರೆಗೂ, ರೋಗವನ್ನೇ ಕಾಣದ ಊರುಗಳಲ್ಲಿಯೂ ಹನಿ ಮತ್ತು ಚುಚ್ಚುಮದ್ದು ಮುಂದುವರಿಯುವುದು ಅನಿವಾರ್ಯ.