ದುಡಿಮೆಯ ಆಯುಸ್ಸು ಬರೆದವರು ಯಾರು?

ಮನುಷ್ಯ ಎಷ್ಟು ವರ್ಷ ಬದುಕುತ್ತಾನೆ ಅನ್ನುವ ಲೆಕ್ಕ ಹಳೆಯದು. 1693ರಲ್ಲೇ ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ ಬ್ರೆಸ್ಲಾವ್ ಪಟ್ಟಣದ ಹುಟ್ಟು ಸಾವಿನ ದಾಖಲೆ ಹಿಡಿದು ಆಯುಸ್ಸಿನ ಕೋಷ್ಟಕ ಮಾಡಿದ. ಎಷ್ಟು ವರ್ಷ ದುಡಿಯುತ್ತಾನೆ ಅನ್ನುವ ಲೆಕ್ಕ ನಿನ್ನೆ ಮೊನ್ನೆಯದು. ಇದರ ಚರಿತ್ರೆಯನ್ನು ನಾವು ಓದಲೇಬೇಕು. ದುಡಿಯುವವನ ಕಾಲು ಮುರಿದಾಗ, ಜೀವ ಹೋದಾಗ, ಕೋರ್ಟಿನಲ್ಲಿ ಅವನಿಗೆ ಬೆಲೆ ಕಟ್ಟುವುದು ಇಂಥ ಲೆಕ್ಕವೇ.

1950ರಲ್ಲಿ ಅಮೆರಿಕದ ಕಾರ್ಮಿಕ ಅಂಕಿಅಂಶಗಳ ಬ್ಯೂರೋ ಗಂಡಸರ ದುಡಿಮೆಯ ಆಯುಸ್ಸಿನ ಕೋಷ್ಟಕ ತಂದಿತು. ದಾರಿ ಸರಳ. ಒಂದು ಲಕ್ಷ ಗಂಡುಕೂಸು ಹುಟ್ಟಿದವು ಅಂತ ಇಟ್ಟುಕೊಳ್ಳಿ. ಒಂದೊಂದು ವಯಸ್ಸಿನಲ್ಲೂ ಸಾಯುವವರನ್ನು ಕಳೆಯಿರಿ. ಉಳಿದವರಲ್ಲಿ ಕೆಲಸದಲ್ಲಿರುವವರು, ಕೆಲಸ ಹುಡುಕುವವರು ಎಷ್ಟು ಅಂತ ಎಣಿಸಿ. ವರ್ಷಗಳನ್ನು ಕೂಡಿ ತಲೆಗೆ ಹಂಚಿ. ಮುಗಿಯಿತು.

ಆದರೆ ಈ ಲೆಕ್ಕದೊಳಗೆ ಒಂದು ನಂಬಿಕೆ ಕೂತಿತ್ತು. ಗಂಡಸು ಒಂದೇ ಸಲ ಕೆಲಸಕ್ಕೆ ಸೇರುತ್ತಾನೆ, ಒಂದೇ ಸಲ ಬಿಡುತ್ತಾನೆ. ಸಂಬಳದ ನೌಕರನಿಗೆ ಸರಿ. ಸುಗ್ಗಿಯಲ್ಲಿ ಕೂಲಿ, ಬೇಸಿಗೆಯಲ್ಲಿ ಖಾಲಿ ಕೈ ಅನ್ನುವವನಿಗೆ? ಬಾಣಂತನ ಮುಗಿಸಿ ಮತ್ತೆ ಕೆಲಸಕ್ಕೆ ಹೋಗುವ ಹೆಣ್ಣಿಗೆ?

1982ರಲ್ಲಿ ಅದೇ ಬ್ಯೂರೋ ದಾರಿ ಬದಲಿಸಿತು. ಒಂದು ವರ್ಷ ಬಿಟ್ಟು ಅದೇ ಜನರನ್ನು ಎರಡು ಸಲ ಕೇಳಿದ ಅಂಕಿ ಹಿಡಿದು, ಒಳಗಿದ್ದವರು ಎಷ್ಟು ಮಂದಿ ಹೊರಬಿದ್ದರು, ಹೊರಗಿದ್ದವರು ಎಷ್ಟು ಮಂದಿ ಒಳಬಂದರು ಎಂದು ಲೆಕ್ಕ ಹಾಕಿತು. ರಷ್ಯಾದ ಗಣಿತಜ್ಞ ಮಾರ್ಕೊವ್ ಹೆಸರಿನ ವಿಧಾನ ಇದು. ಮೊದಲಿನದಕ್ಕಿಂತ ಮೇಲು, ಒಪ್ಪೋಣ. ಆದರೆ ಇದಕ್ಕೆ ನೆನಪಿಲ್ಲ. ಈಗ ಒಳಗೋ ಹೊರಗೋ ಅಷ್ಟೇ ಇದಕ್ಕೆ ಬೇಕು. ಯಾರು ಹೊರದಬ್ಬಿದರು, ಯಾಕೆ ದಬ್ಬಿದರು ಅಂತ ಕೇಳುವುದಿಲ್ಲ.

1986ರಲ್ಲಿ ಬಣ್ಣ, ಓದು ನೋಡಿ ಬೇರೆ ಬೇರೆ ಕೋಷ್ಟಕ ಬಂದವು. ಬಿಳಿಯ ಗಂಡಸಿಗಿಂತ ಕಪ್ಪು ಗಂಡಸಿನ ದುಡಿಮೆಯ ವರ್ಷಗಳು ಕಡಿಮೆ. ಅಂಕಿ ಸುಳ್ಳಲ್ಲ ಗೆಳೆಯರೇ. ಕಪ್ಪುಜನಕ್ಕೆ ಶಾಲೆ ಕೊಡಲಿಲ್ಲ, ಕೆಲಸ ಕೊಡಲಿಲ್ಲ, ಕೊಟ್ಟ ಕೆಲಸವನ್ನೂ ಕಿತ್ತುಕೊಂಡರು. ಅಂಕಿ ಅದನ್ನೇ ಹೇಳಿತು. ಆದರೆ ಒಂದೇ ವಯಸ್ಸಿನ ಇಬ್ಬರು ಹುಡುಗರು ಕಾಲು ಕಳೆದುಕೊಂಡರೆ, ಈ ಕೋಷ್ಟಕದ ಪ್ರಕಾರ ಕಪ್ಪು ಹುಡುಗನಿಗೆ ಪರಿಹಾರ ಕಡಿಮೆ. ನಿನ್ನೆಯ ಅನ್ಯಾಯವೇ ನಾಳೆಯ ಅನ್ಯಾಯಕ್ಕೆ ಸಾಕ್ಷಿ!

ಇದನ್ನು ಪ್ರಶ್ನಿಸಿದವರೂ ಇದ್ದಾರೆ. 2008ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಜಾಕ್ ವೈನ್‌ಸ್ಟೀನ್, ಪರಿಹಾರಕ್ಕೆ ಬಣ್ಣ ನೋಡಿ ಮಾಡಿದ ಆಯುಸ್ಸಿನ ಕೋಷ್ಟಕ ಬಳಸಕೂಡದು ಎಂದರು. ಬಣ್ಣ, ಲಿಂಗ ನೋಡಿ ಕಳೆದುಹೋದ ದುಡಿಮೆಯ ಬೆಲೆ ಇಳಿಸುವುದನ್ನು ತಡೆಯುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಜಾರಿಯಾಯಿತು.

ಅಲ್ಲಿಯ ಬ್ಲ್ಯಾಕ್ ಪ್ಯಾಂಥರ್ ಹೆಸರಿನಿಂದ 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ ಹುಟ್ಟಿತು. ಹಾಗಾಗಿ ಆ ಕೋಷ್ಟಕದ ಪಕ್ಕ ನಮ್ಮದನ್ನೂ ಇಟ್ಟು ನೋಡೋಣ. ರಸ್ತೆ ಅಪಘಾತದಲ್ಲಿ ಸತ್ತವರ ಪರಿಹಾರಕ್ಕೆ 2009ರ ಸರಳಾ ವರ್ಮ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ವಯಸ್ಸಿಗೆ ತಕ್ಕ ಗುಣಕ ಕೊಟ್ಟಿತು. 15ರಿಂದ 25ಕ್ಕೆ 18, 36ರಿಂದ 40ಕ್ಕೆ 15, 56ರಿಂದ 60ಕ್ಕೆ 9. ಜಾತಿಯ ಕಾಲಂ ಇಲ್ಲ. ಎಲ್ಲರಿಗೂ ಒಂದೇ ಗುಣಕ. ಸಂತೋಷ. ಆದರೆ ಆ ಗುಣಕ ಗುಣಿಸುವುದು ಏನನ್ನು? ಸತ್ತವನ ವರಮಾನವನ್ನು. ಜಾತಿ ಅಡಗಿ ಕೂತಿರುವುದೇ ಅಲ್ಲಿ. ಹೆಂಗಸರ ಗತಿಯೂ ಅಷ್ಟೇ. 2001ರ ಜನಗಣತಿ ಮನೆಗೆಲಸದ ಹೆಂಗಸರನ್ನು ಭಿಕ್ಷುಕರು, ಕೈದಿಗಳ ಜೊತೆ ದುಡಿಯದವರ ಸಾಲಿಗೆ ಸೇರಿಸಿದ್ದನ್ನು 2010ರಲ್ಲಿ ಸುಪ್ರೀಂ ಕೋರ್ಟೇ ಖಂಡಿಸಬೇಕಾಯಿತು.

ಕೋಷ್ಟಕ ಸುಡಿ ಅಂತ ನಾವು ಹೇಳುತ್ತಿಲ್ಲ. ಲೆಕ್ಕ ನಮಗೂ ಬೇಕು. ಜೀತ ರದ್ದು ಮಾಡುವ ಕಾನೂನು ಬಂದದ್ದು 1976ರಲ್ಲಿ. ಅದಕ್ಕೆ ಮುಂಚೆ ಜೀತಕ್ಕಿದ್ದ ಮುದುಕರು ಇನ್ನೂ ಕೇರಿಗಳಲ್ಲಿದ್ದಾರೆ. ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಹೋಗಿ ಕೇಳಿ: ಎಷ್ಟನೇ ವಯಸ್ಸಿಗೆ ದನ ಕಾಯೋಕೆ ಹೋದೆ? ಯಾರ ಮನೆಗೆ? ಎಷ್ಟು ಸಾಲಕ್ಕೆ? ಯಾವಾಗ ಬಿಟ್ಟೆ? ಬರೆದಿಡಿ. ನೆನಪಿಲ್ಲದ ಲೆಕ್ಕಕ್ಕೆ ನಮ್ಮ ನೆನಪನ್ನು ನಾವೇ ಸೇರಿಸಬೇಕು.