ಹೇಮು ಎಂಬ ಅಂಗಡಿಯವನು

ಎರಡನೇ ಪಾಣಿಪತ್ ಯುದ್ಧ ಅಂದ್ರೆ ಶಾಲೆಯಲ್ಲಿ ನಾವು ಓದಿದ್ದು ಒಂದೇ ಸಾಲು. ಹೇಮುವಿನ ಕಣ್ಣಿಗೆ ಬಾಣ ಬಿತ್ತು, ಅಕ್ಬರ್ ಗೆದ್ದ. ಪ್ಯಾನೆಲ್ ಚರ್ಚೆಯಲ್ಲಿ ಹೆಸರು ಬಂದರೆ ಒಬ್ಬರಿಗೆ ಆತ ಹಿಂದೂ ಸಾಮ್ರಾಟ, ಇನ್ನೊಬ್ಬರಿಗೆ ಆಫ್ಘನ್ನರ ನೌಕರ. ನನಗೆ ಕುತೂಹಲ ಇರೋದು ಅವನೊಳಗಿನ ವ್ಯಾಪಾರಿಯ ಬಗ್ಗೆ.

ಈಗಿನ ಹರಿಯಾಣದ ರೇವಾಡಿಯ ಬೀದಿಯಲ್ಲಿ ಉಪ್ಪು ಮಾರುತ್ತಿದ್ದವನು ಎಂದು ಅಕ್ಬರನ ಆಸ್ಥಾನದ ಅಬುಲ್ ಫಜಲ್ ಮೂಗು ಮುರಿದು ಬರೆದಿದ್ದಾನೆ. ಅದು ಮದ್ದಿಗೆ ಹಾಕುವ ಪೆಟ್ಲುಪ್ಪು ಎನ್ನುವವರೂ ಇದ್ದಾರೆ. ಶೇರ್ ಶಾನ ಮಗ ಇಸ್ಲಾಂ ಶಾ ಈತನನ್ನು ಮಾರುಕಟ್ಟೆಯ ಮೇಲ್ವಿಚಾರಕನನ್ನಾಗಿ ಮಾಡಿದ. ಆಮೇಲೆ ಬಂದ ಆದಿಲ್ ಶಾ ಇಡೀ ರಾಜ್ಯಭಾರವನ್ನೂ ಸೈನ್ಯವನ್ನೂ ಇವನ ಕೈಗೇ ಕೊಟ್ಟ. ಯೋಚನೆ ಮಾಡಿ, ಕತ್ತಿ ಹಿಡಿದೇ ಬೆಳೆದ ಆಫ್ಘನ್ ಸರದಾರರು ತಕ್ಕಡಿ ಹಿಡಿದವನ ಆಜ್ಞೆ ಪಾಲಿಸಬೇಕು! ಪಾಲಿಸಿದರು. ಯಾಕಂದ್ರೆ ಅವನು ಗೆಲ್ಲುತ್ತಿದ್ದ. 22 ಯುದ್ಧ ಗೆದ್ದ ಅಂತಾರೆ.

1556ರ ಅಕ್ಟೋಬರ್ 7ರಂದು ತುಘಲಕಾಬಾದ್ ಬಳಿ ಮೊಘಲರ ತಾರ್ದಿ ಬೇಗ್‌ನನ್ನು ಸೋಲಿಸಿ ದೆಹಲಿ ಹಿಡಿದ. ವಿಕ್ರಮಾದಿತ್ಯ ಎಂಬ ಬಿರುದು ಧರಿಸಿದ.

ಈಗ ಅವನ ಅಭಿಮಾನಿಗಳು ಹೇಳದ ಸಂಗತಿ. ಆಗ ದೆಹಲಿ, ಆಗ್ರಾ ಸುತ್ತ ಭೀಕರ ಬರ. ಜನ ರೊಟ್ಟಿಗಾಗಿ ಸಾಯುತ್ತಿದ್ದಾಗ ಹೇಮು ತನ್ನ ಆನೆಗಳಿಗೆ ಅಕ್ಕಿ, ಸಕ್ಕರೆ, ತುಪ್ಪ ತಿನ್ನಿಸಿದ ಎಂದು ಬದಾಯೂನಿ ಬರೆಯುತ್ತಾನೆ. ಬದಾಯೂನಿಗೆ ಹೇಮುವನ್ನು ಕಂಡರೆ ಆಗದು, ಹಾಗಾಗಿ ಒಂದಿಷ್ಟು ಕಳೆದೇ ಓದೋಣ. ಆದರೆ ಬರ ಸುಳ್ಳಲ್ಲ, ಆನೆಗಳೂ ಸುಳ್ಳಲ್ಲ. ಧಾನ್ಯದ ಬೆಲೆ ಗೊತ್ತಿದ್ದ ಮನುಷ್ಯನ ಮೇಲೆ ಈ ಆರೋಪ!

ಪಾಣಿಪತ್ತಿಗೆ ಬನ್ನಿ. ಫಿರಂಗಿಗಳನ್ನು ಸಾಕಷ್ಟು ಕಾವಲಿಲ್ಲದೆ ಮುಂದೆ ಕಳಿಸಿದ. ಅಲಿ ಕುಲಿ ಖಾನ್ ಅವನ್ನು ಹಾಗೇ ಹೊತ್ತೊಯ್ದ. ಕಾವಲಿಲ್ಲದೆ ಸರಕು ಕಳಿಸೋ ವ್ಯಾಪಾರಿಯನ್ನು ಎಲ್ಲಾದರೂ ನೋಡಿದ್ದೀರಾ? ನನ್ನ ಪ್ರಕಾರ ಅವನು ಸೋಲಲು ಶುರುವಾಗಿದ್ದು ಅಲ್ಲೇ. ಆದರೂ ನವೆಂಬರ್ 5ರಂದು ಆನೆಗಳನ್ನೇ ನಂಬಿ ನುಗ್ಗಿದ, ಮೊಘಲರ ಎಡ, ಬಲ ಎರಡೂ ಅಲುಗಾಡಿದವು. ಆಗ ಬಾಣ ಬಂತು. ಆನೆಯ ಮೇಲೆ ಒಡೆಯ ಕಾಣದಿದ್ದಾಗ ಸೈನ್ಯ ಓಡಿತು.

ಬೈರಾಂ ಖಾನ್ ಅವನನ್ನು ಕೊಂದ. ತಲೆ ಕಾಬೂಲಿಗೆ, ಮುಂಡ ದೆಹಲಿಗೆ ಹೋಯಿತು. ಉಪ್ಪು ಮಾರುವವನೆಂದು ಹೀಗಳೆದ ಅದೇ ಅಬುಲ್ ಫಜಲ್ ಮುಂದೆ ಪೇಚಾಡಿಕೊಳ್ಳುತ್ತಾನೆ: ಕೊಲ್ಲದೆ ಸೆರೆಯಲ್ಲಿಟ್ಟು ಒಲಿಸಿಕೊಂಡಿದ್ದರೆ ಅಕ್ಬರನಿಗೆ ಎಂಥ ಸೇವಕ ಸಿಗುತ್ತಿದ್ದ ಅಂತ.